ಮಾವನವರ ಸ್ಯಾಂಪಲ್ ಪಾಸಾಯಿತು

ಸಿಂಧಘಟ್ಟ
ತಾ. 26-9-1996

ಅರ್ಪಿತಳ ಅಪ್ಪನವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ನೀವು ಹೇಗಿದ್ದೀರಿ? ಹುಮನಾಬಾದಿನಲ್ಲಿ ಮಳೆ ಬಂತೇ? ರಾತ್ರಿಯಾದರೂ ಅನ್ನ ಸಿಗುತ್ತಿದೆಯೋ, ಇಲ್ಲ ಎರಡು ಹೊತ್ತೂ ಜೋಳದ ರೊಟ್ಟಿಯೋ? ಹೋದ ಕಾಗದದಲ್ಲಿ ಹೊಟ್ಟೆ ಉಬ್ಬರ ಎಂದು ಒಂದೇ ಸಾಲು ಬರೆದು ಮುಗಿಸಿದ್ದಿರಿ. ಈಗ ಹೇಗಿದೆ, ದಿನಾ ಸರಿಯಾಗಿ ಹೋಗುತ್ತಿದೆಯೇ, ನಾಚಿಕೆ ಬಿಟ್ಟು ಬರೆಯಿರಿ. ಈ ಮನೆಯಲ್ಲಿ ಹೊಟ್ಟೆಯ ವಿಷಯಕ್ಕೆ ಎಲ್ಲರೂ ನಾಚಿಕೊಂಡು ನಾಚಿಕೊಂಡು ನನ್ನ ತಲೆ ಕೆಟ್ಟು ಹೋಗಿದೆ. ಅರ್ಪಿತ ಚೆನ್ನಾಗಿದ್ದಾಳೆ, ಮಗ್ಗಿ ಹೇಳು ಎಂದರೆ ಏಳರಲ್ಲಿ ಎಡವುತ್ತಾಳೆ. ಅತ್ತೆಯವರು ಆರೋಗ್ಯ. ಸೀಮೆಹಸು ಗಬ್ಬ ನಿಂತಿದೆ. ಇನ್ನು ಉಳಿದವರು ನಿಮ್ಮಪ್ಪ. ಅವರ ವಿಷಯ ಬರೆಯಲೆಂದೇ ಕೂತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ನಿಮ್ಮ ಸ್ಕೂಲಿನ ಎದುರಿನ ಅಂಗಡಿಯವನಿಗೆ ಏನು ಹೇಳಿದರೂ ಮೂರು ಸಲ ಕೂಗಿ ಹೇಳಬೇಕು. ಇಲ್ಲಿ ಎಸ್‌ಟಿಡಿ ಬೂತಿನಲ್ಲಿ ನನ್ನ ಬೆನ್ನ ಹಿಂದೆ ಅರ್ಧ ಊರು ಸಾಲಾಗಿ ನಿಂತಿರುತ್ತದೆ. ಮಾವನವರು ಹೊರಕಡೆ ಹೋದದ್ದು ಯಾವ ಬಣ್ಣ ಇತ್ತು ಎಂದು ಅಲ್ಲಿ ನಿಂತು ಹೇಗೆ ಕೂಗಲಿ?

ಹೌದು, ವಿಷಯ ಅದೇ. ಮೂಗು ಮುಚ್ಚಿಕೊಂಡಾದರೂ ಪೂರ್ತಿ ಓದಿ. ಹೋದ ಬೇಸಿಗೆ ರಜೆಯಲ್ಲಿ ನೀವು ಹಿತ್ತಿಲಲ್ಲಿ ಕಕ್ಕಸು ಕಟ್ಟಿಸಿದಿರಲ್ಲ, ನೀವು ಬಸ್ಸು ಹತ್ತಿದ ಮಾರನೆಯ ದಿನವೇ ಮಾವನವರು ಅದರೊಳಗೆ ಬೂಸಾ ಮೂಟೆ ಜೋಡಿಸಿ ಬೀಗ ಹಾಕಿದರು. "ಉಣ್ಣೋ ಮನೆ ಮಗ್ಗುಲಲ್ಲೇ ಕೂರಕ್ಕೆ ನಾನೇನು ಕೋಳಿಯಾ?" ಎಂದು ಅತ್ತೆಯ ಹತ್ತಿರ ಅಂದರಂತೆ. ನಾವು ಹೆಂಗಸರೂ ಮತ್ತೆ ಚೊಂಬು ಹಿಡಿದು ಕೆರೆ ಕಡೆಗೇ ಹೊರಟೆವು. ನಿಮಗೆ ಬೇಜಾರಾದೀತು ಎಂದು ಇಷ್ಟು ದಿನ ಬರೆದಿರಲಿಲ್ಲ. ಈ ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಮಳೆ ಹಿಡಿಯಿತು, ಮಾವನವರು ಕೆರೆ ಏರಿ ಮೇಲೆ ಜಾರಿ ಬಿದ್ದರು. ಮೊದಲೇ ನೋಯುತ್ತಿದ್ದ ಮಂಡಿ ಕುಂಬಳಕಾಯಿಯಾಯಿತು. ಆಗ ನಾನೇ ಮೂಟೆಗಳನ್ನು ಕೊಟ್ಟಿಗೆಗೆ ಸಾಗಿಸಿ, ಬೇಸಿನ್ನು ತಿಕ್ಕಿ ತೊಳೆದು, ಕೂತು ಏಳಲು ಒಂದು ಗೂಟ ನೆಡಿಸಿದೆ. ಬೇರೆ ದಾರಿ ಇಲ್ಲದೆ ಮಾವನವರು ಅಲ್ಲಿಗೇ ಹೋಗತೊಡಗಿದರು.

ನಸುಕಿನಲ್ಲಿ ಕೆರೆ ಕಡೆ ಹೋಗಿ ಬರುವವರಿಗೆ ತಮ್ಮದು ಏನಾಗಿದೆ ಎಂದು ತಮಗೇ ಗೊತ್ತಾಗುವುದಿಲ್ಲ. ಬಿಳಿ ಬೇಸಿನ್ನು ಏನನ್ನೂ ಮುಚ್ಚಿಡುವುದಿಲ್ಲ. ಮಾವನವರಿಗೋ, ಕೈಯಲ್ಲಿರುವ ಒಂದು ಚೊಂಬು ನೀರು ತಮಗಾದರೆ ಸಾಕು, ಬಕೆಟ್ಟಿನಲ್ಲಿ ಹುಯ್ಯಬೇಕು ಎಂಬ ರೂಢಿಯೇ ಇಲ್ಲ. ಹುಯ್ಯುವವಳು ನಾನು. ಮೊದಲ ದಿನವೇ ಕಣ್ಣಿಗೆ ಬಿತ್ತು. ರಸ್ತೆಗೆ ಹಾಕುವ ಡಾಂಬರು ನೋಡಿದ್ದೀರಲ್ಲ, ಹಾಗೆ. ಕಪ್ಪು, ಹೊಳಪು, ಅಂಟು. ಬಕೆಟ್ಟುಗಟ್ಟಲೆ ನೀರು ಹುಯ್ದರೂ ಜಾರುವುದಿಲ್ಲ, ಪೊರಕೆ ಕಡ್ಡಿಗೂ ಮೆತ್ತಿಕೊಳ್ಳುತ್ತದೆ. ವಾಸನೆ ಬೇರೆಯೇ, ಸತ್ತದ್ದರ ವಾಸನೆ. ಹೆತ್ತ ಮಗಳದ್ದು ತೊಳೆದು ಅಭ್ಯಾಸವಿರುವ ನಾನೇ ಸೆರಗಿನಿಂದ ಮೂಗು ಮುಚ್ಚಿಕೊಂಡು ತಿಕ್ಕಿದೆ. ಅತ್ತೆಗೆ ಹೇಳಿದರೆ ಅವರು ಮೊದಲು ನನ್ನ ಬಾಯಿ ಮುಚ್ಚಿದರು. ಆಮೇಲೆ, "ಮೂರೊತ್ತೂ ರಾಗಿಮುದ್ದೆ ಉಣ್ಣೋರಿಗೆ ಇನ್ಯಾವ ಬಣ್ಣ ಬತ್ತದೆ, ಮಲ್ಲಿಗೆ ಊವಿನಂಗೆ ಬರಬೇಕಾ?" ಎಂದರು. ಅದೇ ಮುದ್ದೆ ನಾನೂ ಉಣ್ಣುತ್ತೇನೆ, ಅತ್ತೆಯೂ ಉಣ್ಣುತ್ತಾರೆ. ಅದರಿಂದ ಕಂದು ಬಣ್ಣ ಗಾಢವಾಗುತ್ತದೆಯೇ ಹೊರತು ಡಾಂಬರಾಗುವುದಿಲ್ಲ.

ಇದರ ಮೇಲೆ ಇನ್ನೊಂದು ಗೊಂದಲ. ನನಗೆ ಸುಸ್ತು ಎಂದು ನರ್ಸಮ್ಮ ಕೊಟ್ಟಿದ್ದ ಕಬ್ಬಿಣದ ಮಾತ್ರೆ ಗೂಡಿನಲ್ಲಿತ್ತು. ನಾನು ಮರೆತು ಮರೆತು ಬಿಡುತ್ತಿದ್ದೆ. ಸರ್ಕಾರದವರು ಪುಕ್ಕಟೆ ಕೊಟ್ಟಿದ್ದು ಹಾಳಾಗಬಾರದು ಎಂದು ಮಾವನವರು ದಿನಾ ಒಂದು ನುಂಗುತ್ತಿದ್ದರಂತೆ. ಅದನ್ನು ತಿಂದರೂ ಕಪ್ಪಾಗುತ್ತದೆ, ಅರ್ಪಿತ ಹೊಟ್ಟೆಯಲ್ಲಿದ್ದಾಗ ನನಗೂ ಆಗಿತ್ತು. ಆದರೆ ಅದು ಹಸಿರು ಬೆರೆತ ಕಪ್ಪು, ಗಟ್ಟಿ. ಹೀಗೆ ಅಂಟಂಟು ಇರಲಿಲ್ಲ, ಈ ನಾತವೂ ಇರಲಿಲ್ಲ. ಅತ್ತೆಗೆ ಮಾತ್ರ ಒಂದು ಕಾರಣ ಸಿಕ್ಕಿತು, ಅಷ್ಟೇ ಸಾಕಾಯಿತು. ನಾನು ಮಾತ್ರೆಗಳನ್ನು ನನ್ನ ಟ್ರಂಕಿಗೆ ಹಾಕಿದೆ. ವಾರ ಕಳೆಯಿತು, ಡಾಂಬರು ಡಾಂಬರಾಗಿಯೇ ಇತ್ತು. ಮಾವನವರ ಮುಖ ನೋಡಿದರೆ ಸುಣ್ಣ. ಹಾಲು ಕರೆದು ಏಳುವಾಗ ಹಸುವಿನ ಬೆನ್ನು ಹಿಡಿದು ನಿಲ್ಲುತ್ತಾರೆ. ಡೈರಿಗೆ ಹೋಗುವಾಗ ದಾರಿಯಲ್ಲಿ ಬೆಟ್ಟಮ್ಮನ ಜಗುಲಿ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಕೇಳಿದರೆ ಮಂಡಿನೋವು ಎನ್ನುತ್ತಾರೆ.

ಅರ್ಪಿತಳ ಕೆಮ್ಮಿನ ನೆವ ಹೇಳಿ ಪೇಟೆಗೆ ಹೋಗಿ ಲೇಡಿ ಡಾಕ್ಟರನ್ನು ಕಂಡು ಬಂದೆ. ಅವರು ನಗಲಿಲ್ಲ, ಮುಖ ಸಿಂಡರಿಸಲಿಲ್ಲ, ಅಷ್ಟಕ್ಕೇ ನನಗೆ ಅಳು ಬಂತು. ಹೋದದ್ದನ್ನು ನೋಡುವುದು ಕೆಟ್ಟ ಚಾಳಿ ಅಲ್ಲವಮ್ಮ, ಒಳಗಿನ ಸಮಾಚಾರ ಹೊರಗೆ ಬರುವುದು ಅದೊಂದೇ ದಾರಿಯಲ್ಲಿ ಎಂದರು. ಹಳದಿ, ಕಂದು ಯಾವುದಾದರೂ ಸರಿಯೇ, ಸೊಪ್ಪು ತಿಂದ ದಿನ ಹಸಿರಾದರೂ ಹೆದರಬೇಕಿಲ್ಲ. ಬೀಟ್‌ರೂಟು ತಿಂದು ಕೆಂಪಾಗಿದೆ ಎಂದು ಓಡಿ ಬರುವವರೂ ಇದ್ದಾರಂತೆ. ನಿಜವಾದ ಕೆಂಪು ರಕ್ತವಾದರೆ ಸಾಮಾನ್ಯವಾಗಿ ಕೆಳಗಿನದು, ಮೂಲವ್ಯಾಧಿ ಇರಬಹುದು, ಬೇರೆ ಏನಾದರೂ ಇರಬಹುದು, ತೋರಿಸಬೇಕು. ಸುಣ್ಣದ ಹಾಗೆ ಬೆಳ್ಳಗಾದರೆ ಪಿತ್ತ ಇಳಿಯುತ್ತಿಲ್ಲ ಎಂದು ಅರ್ಥ. ಡಾಂಬರಿನ ಹಾಗೆ ಅಂಟು ಕಪ್ಪಾದರೆ ಮೇಲೆ, ಜಠರದಲ್ಲೇ ಎಲ್ಲೋ ರಕ್ತ ಜಿನುಗಿ, ಕರುಳಿನಲ್ಲಿ ಇಳಿದು ಬರುವಷ್ಟರಲ್ಲಿ ಕಪ್ಪಾಗಿರುತ್ತದಂತೆ. ಮಂಡಿನೋವಿಗೆ ಏನು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿರುವುದನ್ನು ಹೇಳಿದೆ. ಚೌಡಯ್ಯನ ಅಂಗಡಿಯಲ್ಲಿ ಬೀಡಿ, ಸೋಪಿನ ಜೊತೆ ಮಾರುವ ನೋವಿನ ಮಾತ್ರೆ, ಬೆಳಿಗ್ಗೆ ಎದ್ದವರೇ ಖಾಲಿ ಹೊಟ್ಟೆಗೆ ಟೀ ಜೊತೆ. ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. ಆ ಮಾತ್ರೆಯೇ ಹೊಟ್ಟೆಯಲ್ಲಿ ಹುಣ್ಣು ಮಾಡಿರಬಹುದು, ಇವತ್ತೇ ನಿಲ್ಲಿಸಿ, ನಾಳೆಯೇ ಕರೆದುಕೊಂಡು ಬನ್ನಿ, ಮೈಸೂರಿನಲ್ಲಿ ಬಾಯಿಯ ಮೂಲಕ ಹೊಟ್ಟೆಗೆ ನಳಿಗೆ ಹಾಕಿ ನೋಡಬೇಕಾಗುತ್ತದೆ ಎಂದರು.

ಹೇಳಿದ್ದು ಸುಲಭ. ಈ ಮನೆಗೆ ಬಂದಂದಿನಿಂದ ನಾನು ಮಾವನವರ ಎದುರು ನಿಂತು ಮಾತಾಡಿದ್ದೇನೆಯೇ, ನೀವೇ ಹೇಳಿ. ನಾನು ಅಡಿಗೆಮನೆ ಬಾಗಿಲ ಹಿಂದಿನಿಂದ ಅತ್ತೆಗೆ ಹೇಳಬೇಕು, ಅತ್ತೆ ಪಡಸಾಲೆಗೆ ಹೋಗಿ ಅವರಿಗೆ ಹೇಳಬೇಕು, ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕು. ಡಾಕ್ಟರು ಕೇಳಿದ ಪ್ರಶ್ನೆ, ಎಷ್ಟು ದಿನದಿಂದ ಕಪ್ಪು, ಉಂಡ ಮೇಲೆ ನೋವೋ ಹಸಿದಾಗ ನೋವೋ ಎಂದು. ಅತ್ತೆ ಪಡಸಾಲೆಗೆ ಹೋಗಿ ಕೇಳಿದ್ದು, "ಊಟ ಸೇರ್ತದಾ?" ಬಂದ ಉತ್ತರ, "ಕಲ್ಲು ತಿಂದು ಕಲ್ಲು ಅರಗುಸ್ತೀನಿ, ಓಗಮ್ಮಿ." ಆ ಉತ್ತರ ಇಟ್ಟುಕೊಂಡು ಯಾವ ಡಾಕ್ಟರು ಏನು ಮಾಡಬೇಕು? ಪೇಟೆಗೂ ಬರಲು ಒಪ್ಪಲಿಲ್ಲ. ಮೈಸೂರು ಎಂದದ್ದೇ ತಡ, ಎದ್ದು ಕೊಟ್ಟಿಗೆಗೆ ಹೋಗಿಬಿಟ್ಟರು. ನಿಮ್ಮ ದೊಡ್ಡಪ್ಪ ಮರಿಯಯ್ಯನವರು ಮೈಸೂರಿನ ಆಸ್ಪತ್ರೆಗೆಂದು ತಾವೇ ನಡೆದು ಬಸ್ಸು ಹತ್ತಿ, ಬರುವಾಗ ಹೆಣವಾಗಿ ಲಾರಿಯಲ್ಲಿ ಮಲಗಿ ಬಂದರಲ್ಲ, ಅದು ಅವರ ಮನಸ್ಸಿನಿಂದ ಹೋಗಿಲ್ಲ. ನನಗೂ ಅದು ಅರ್ಥವಾಗುತ್ತದೆ. ಆದರೆ ನಿಮ್ಮ ದೊಡ್ಡಪ್ಪ ಹೋದದ್ದೇ ತೀರಾ ಕೊನೆಗೆ, ಎಲ್ಲ ಕೈಮೀರಿದ ಮೇಲೆ. ಅದನ್ನು ಯಾರು ಹೇಳಬೇಕು ಇವರಿಗೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮಾವನವರನ್ನು ಹೀಗಂದೆ ಎಂದು ಕೋಪಿಸಿಕೊಳ್ಳಬೇಡಿ, ನೀವು ಇಲ್ಲಿದ್ದಿದ್ದರೆ ಇದಕ್ಕಿಂತ ಜಾಸ್ತಿ ಅಂದಿರುತ್ತಿದ್ದಿರಿ.

ನಾನು ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ನನ್ನನ್ನೂ ಬೈದರು. ರೋಗಿ ಬರದಿದ್ದರೆ ಅವನ ಸ್ಯಾಂಪಲ್ಲಾದರೂ ಬರಲಿ, ಬೆಂಕಿಪೊಟ್ಟಣದಲ್ಲಿ ತಂದುಕೊಡಿ, ರಕ್ತ ಇದೆಯೋ ಇಲ್ಲವೋ ನೋಡುತ್ತೇನೆ, ಅಷ್ಟರವರೆಗೆ ಮಾಂಸ ಬೇಡ, ಅದರ ರಕ್ತವೂ ಪರೀಕ್ಷೆಯಲ್ಲಿ ಬರುತ್ತದೆ ಎಂದರು. ಆಶ್ಚರ್ಯ ಏನೆಂದರೆ, ಸ್ಯಾಂಪಲ್ ಎಂದ ಕೂಡಲೇ ಮಾವನವರು ಒಪ್ಪಿಬಿಟ್ಟರು! "ಸ್ಯಾಂಪಲ್ ತಾನೇ, ಕೊಟ್ರಾಯ್ತು ಬುಡು" ಎಂದರು. ನಾನು ದಡ್ಡಿ, ಹಿಗ್ಗಿಬಿಟ್ಟೆ. ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಬೆಂಕಿಪೊಟ್ಟಣ ಇತ್ತು, ಬಾಳೆನಾರಿನಿಂದ ಅಚ್ಚುಕಟ್ಟಾಗಿ ಕಟ್ಟಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬುಟ್ಟಿಯಲ್ಲಿ ಸೊಪ್ಪಿನ ಕೆಳಗಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಕ್ಕದಲ್ಲಿ ಕೂತ ಸಿದ್ದಲಿಂಗಮ್ಮ ಸೊಪ್ಪು ಎಷ್ಟಕ್ಕೆ ಕೊಡುತ್ತೀಯ ಎಂದು ಪೇಟೆವರೆಗೂ ಬುಟ್ಟಿಗೆ ಕೈ ಹಾಕಲು ನೋಡುತ್ತಿದ್ದಳು. ನನ್ನ ಅವಸ್ಥೆ ಶತ್ರುವಿಗೂ ಬೇಡ.

ಸಂಜೆ ರಿಪೋರ್ಟು ಬಂತು. ರಕ್ತ ಇಲ್ಲ. ಕೊಕ್ಕೆಹುಳದ ಮೊಟ್ಟೆ ಇವೆ. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಹುಳವೂ ರಕ್ತ ಹೀರುತ್ತದೆ, ಮುಖ ಬಿಳಿಚಿಕೊಂಡದ್ದು ಅದಕ್ಕೇ ಇರಬಹುದು, ಕಪ್ಪಾದದ್ದು ಕಬ್ಬಿಣದ ಮಾತ್ರೆಯ ಉಳಿಕೆಯೋ ಏನೋ ಎಂದು ಒಂದು ಹುಳದ ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದು ಹೇಳಿದೆ ನೋಡಿ, ಮಾವನವರ ಮೀಸೆ ತಿರುಗಿತು. "ಸ್ಯಾಂಪಲ್ ಪಾಸಾಯ್ತಾ? ಆಗ್ದೆ ಏನು! ನನ್ನ ಹಾಲು ಡೈರಿಯಿಂದ ಒಂದಿನ ವಾಪಸ್ ಬಂದದಾ?" ಎಂದು ಪಡಸಾಲೆಯಿಂದ ನನಗೆ ಕೇಳುವಂತೆ ಹೇಳಿದರು. ಅಷ್ಟು ದಿನ ನಿಂತಿದ್ದ ಚೌಡಯ್ಯನ ಅಂಗಡಿಯ ಮಾತ್ರೆ ಮಾರನೆಯ ದಿನದಿಂದ ಮತ್ತೆ ಶುರುವಾಯಿತು. ಇಷ್ಟರಲ್ಲಿ ಇನ್ನೊಂದು ಬದಲಾವಣೆ. ಒಂದು ಚೊಂಬಿನವರು ಈಗ ಬಕೆಟ್ಟುಗಟ್ಟಲೆ ನೀರು ಹೊತ್ತುಕೊಂಡು ಒಳಗೆ ಹೋಗಿ, ಪೊರಕೆಯಲ್ಲಿ ತಾವೇ ತಿಕ್ಕಿ ಬರತೊಡಗಿದರು, ಆ ಮಂಡಿ ಇಟ್ಟುಕೊಂಡು. ಅತ್ತೆಗೆ ಖುಷಿ, ಕೊನೆಗೂ ಬುದ್ಧಿ ಬಂತು ಎಂದು. ನನಗೆ ಮಾತ್ರ ಸಮಾಧಾನವಿಲ್ಲ, ಯಾವ ಬಣ್ಣ ಎಂದು ನೋಡಲು ಈಗ ಏನೂ ಉಳಿಯುತ್ತಿರಲಿಲ್ಲ.

ಗುಟ್ಟು ರಟ್ಟಾದದ್ದು ಮೊನ್ನೆ. ನಾನು ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಕುರಿ ಕಾಯುವ ಚಿಕ್ಕಮಾದಯ್ಯ, ನಿಮ್ಮಪ್ಪನ ಬಾಲ್ಯದ ಜೊತೆಗಾರ, ಬೇಲಿ ಹತ್ತಿರ ನಿಂತು ತಲೆ ಕೆರೆದುಕೊಂಡ. "ತಾಯಿ, ನನ್ನ ಮಾತ್ರೆ ಎಲ್ಲದೆ?" ಎಂದ. ಯಾವ ಮಾತ್ರೆ ಎಂದೆ. "ಅದೇ, ಉಳದ ಮಾತ್ರೆ. ಉಳ ನಂದಲ್ವಾ? ನಿಮ್ಮಾವ ಚಿಕ್ಕಸ್ವಾಮಣ್ಣ ತಾನೇ ನುಂಗ್ಬುಟ್ಟು ಕುಂತವ್ನೆ. ಅವನ ಒಟ್ಟೆಲಿ ಅದು ಏನ್ ಮಾಡ್ತದೆ?" ನಗು ಬಂತೋ ಅಳು ಬಂತೋ ಹೇಳಲಾರೆ. ನಿಮಗೆ ಗೊತ್ತಲ್ಲ, ಸೀಮೆಹಸುವಿನ ಹಾಲು ತೆಳುವಾಗಿ ಡೈರಿಯ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರುವುದಿಲ್ಲ ಎಂದು ಅನುಮಾನವಿದ್ದ ದಿನ, ನಿಮ್ಮಪ್ಪ ಬೆಟ್ಟಮ್ಮನ ಎಮ್ಮೆಯ ಹಾಲು ತಂದು ಕ್ಯಾನಿಗೆ ಬೆರೆಸಿ ಡೈರಿಗೆ ಕೊಡುತ್ತಿದ್ದರು. ಸ್ಯಾಂಪಲ್ ಎಂದರೆ ಅವರ ಪಾಲಿಗೆ ಪಾಸು ಮಾಡಿಸಬೇಕಾದ ವಸ್ತು. ಊರಿನಲ್ಲೇ ಗಟ್ಟಿಮುಟ್ಟಾದ ಆಳು ಯಾರು ಎಂದು ಹುಡುಕಿ, ಚಿಕ್ಕಮಾದಯ್ಯನಿಗೆ ಒಂದು ಕಟ್ಟು ಬೀಡಿ ಕೊಟ್ಟು, ಅವನದ್ದನ್ನು ಕಳಿಸಿದ್ದಾರೆ! ಅದನ್ನು ನಾನು ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೊತ್ತೆ. ಬರಿಗಾಲಲ್ಲಿ ತಿರುಗುವ ಅವನ ಹೊಟ್ಟೆಯಲ್ಲಿ ಹುಳ ಇದ್ದದ್ದು ಇವರ ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೇ.

ನನಗೆ ಎಲ್ಲಿತ್ತೋ ಕೋಪ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಪಡಸಾಲೆಗೆ ಹೋಗಿ ಮಾವನವರ ಎದುರೇ ನಿಂತುಬಿಟ್ಟೆ. ಅತ್ತೆ ಹಿಂದಿನಿಂದ ನನ್ನ ಸೀರೆ ಜಗ್ಗುತ್ತಿದ್ದರು. ಹಾಲಿಗೆ ಎಮ್ಮೆ ಹಾಲು ಬೆರೆಸಬಹುದು ಮಾವ, ನಿಮ್ಮ ಹೊಟ್ಟೆಗೆ ಯಾರ ಹೊಟ್ಟೆ ಬೆರೆಸುತ್ತೀರಿ, ಅಲ್ಲಿ ರಕ್ತ ಸೋರುತ್ತಿದ್ದರೆ ಅದಕ್ಕೆ ಡೈರಿ ಸೆಕ್ರೆಟರಿ ಸಹಿ ಹಾಕುತ್ತಾನೆಯೇ ಎಂದು ಕೇಳಿದೆ. ಇನ್ನೂ ಏನೇನೋ ಅಂದೆ, ಬರೆಯುವುದಿಲ್ಲ. ಅವರು ಬೈಯುತ್ತಾರೆ, ಕೈಯಲ್ಲಿದ್ದ ಲೋಟ ಎಸೆಯುತ್ತಾರೆ ಎಂದುಕೊಂಡಿದ್ದೆ. ಏನೂ ಇಲ್ಲ. ಗೋಡೆ ಕಡೆ ತಿರುಗಿ ಕೂತರು. ಗೋಡೆಗೆ ಹೇಳುವ ಹಾಗೆ ಹೇಳಿದರು. "ಸ್ಯಾಂಪಲ್ ಫೇಲಾದ್ರೆ ಆಲ ಚೆಲ್ಬುಡ್ತಾರೆ ಕಣವ್ವ."

ಆಮೇಲೆ ನನ್ನ ಕೋಪ ನಿಲ್ಲಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಈಗ ನಿಮ್ಮ ಮೇಲೆ ಹಾಕುತ್ತಿದ್ದೇನೆ. ದಸರಾ ರಜೆಗೆ ಬರುತ್ತೇನೆ ಎಂದಿದ್ದೀರಿ, ಅಷ್ಟು ದಿನ ಕಾಯುವಂತಿಲ್ಲ. ಮಗ ಬಂದು ಕರೆದರೆ ಮೈಸೂರಿಗೆ ಹೋಗುತ್ತಾರೋ ಎಂದು ಅತ್ತೆಯ ಬಾಯಲ್ಲಿ ಕೇಳಿಸಿದೆ. "ಅವನು ಬರ್ಲಿ, ನೋಡವ" ಎಂದಿದ್ದಾರೆ. ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ಹೆಡ್‌ಮಾಸ್ಟರ ಕೈಕಾಲು ಹಿಡಿದಾದರೂ ರಜೆ ಹಾಕಿ ಬನ್ನಿ. ಕಾರಣ ಏನೆಂದು ಬರೆಯುವುದು ಎಂದು ಅಲ್ಲಿಯೂ ನಾಚಿಕೊಂಡು ಕೂರಬೇಡಿ, ತಂದೆಗೆ ಹೊಟ್ಟೆಯಲ್ಲಿ ರಕ್ತಸ್ರಾವ ಎಂದು ಬರೆಯಿರಿ. ನಿಜವೂ ಅದೇ. ಮತ್ತು ನಿಮ್ಮ ಹೊಟ್ಟೆ ಉಬ್ಬರಕ್ಕೆ ನೀವೇ ಅಂಗಡಿಯಿಂದ ಏನಾದರೂ ತಂದು ನುಂಗುತ್ತಿದ್ದರೆ ಇವತ್ತಿಗೇ ನಿಲ್ಲಿಸಿ. ಒಂದು ಮನೆಗೆ ಇಂಥವರು ಒಬ್ಬರು ಸಾಕು.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಇದೆಲ್ಲ ಕಾಗದದಲ್ಲಿ ಬರೆಯಬೇಡ ಎಂದೂ ಹೇಳಿದ್ದಾರೆ. ಅರ್ಪಿತ ಮುತ್ತು ಕಳಿಸಿದ್ದಾಳೆ. ತಣ್ಣೀರು ಸ್ನಾನ ಮಾಡಬೇಡಿ.

ನಿಮ್ಮ ಕಾಲಿಗೆ ನಮಸ್ಕರಿಸಿ, ನಿಮ್ಮ ಮೇಲೆಯೂ ಕೋಪವಿರುವ,
ಪ್ರಮೀಳಾ

ಮರೆತ ಮಾತಲ್ಲ, ಈಗ ಆದದ್ದು: ನೀವು ಊರಿಗೆ ಬರಬೇಡಿ, ನೇರ ಮೈಸೂರಿಗೆ ಬನ್ನಿ, ದೊಡ್ಡಾಸ್ಪತ್ರೆಗೆ. ಬೆಳಗ್ಗೆ ಲಕೋಟೆಗೆ ಅಂಟು ಹಾಕುವ ಮುಂಚೆ ಇಷ್ಟು ಬರೆಯುತ್ತಿದ್ದೇನೆ. ಪೇಟೆಯಿಂದ ಬಾಡಿಗೆ ಕಾರು ತರಲು ಹೇಳಿ ಕಳಿಸಿದ್ದೇನೆ, ನಿಮ್ಮ ಒಪ್ಪಿಗೆ ಕೇಳುವಷ್ಟು ಹೊತ್ತಿಲ್ಲ. ದಾರಿಯಲ್ಲಿ ಲೇಡಿ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳುತ್ತೇನೆ, ಅವರಿಗೆ ಸ್ಯಾಂಪಲ್ಲಿನ ನಿಜ ಹೇಳಬೇಕು. ನಿಮಗೆ ತಂತಿ ಕೊಡುತ್ತೇನೆ. ಅದರಲ್ಲಿ 'ತಂದೆಗೆ ಸೀರಿಯಸ್, ಮೈಸೂರು ದೊಡ್ಡಾಸ್ಪತ್ರೆಗೆ ಹೊರಡಿ' ಎಂದಷ್ಟೇ ಇರುತ್ತದೆ, ಅದನ್ನು ನೋಡಿ ಕೈಕಾಲು ಬಿಡಬೇಡಿ. ಮಾವನವರು ಈಗ ಮಾತಾಡುತ್ತಿದ್ದಾರೆ, ನೀರು ಕೇಳುತ್ತಿದ್ದಾರೆ, ನಾನು ಕೊಟ್ಟಿಲ್ಲ, ಡಾಕ್ಟರು ಹೇಳುವವರೆಗೆ ಕೊಡುವುದಿಲ್ಲ. ಬೆಳಿಗ್ಗೆ ಕಕ್ಕಸಿನೊಳಗಿಂದ ಅತ್ತೆಯನ್ನಲ್ಲ, ನನ್ನನ್ನೇ ಕೂಗಿದರು, ಪ್ರಮೀಳಾ ಎಂದು, ಹೆಸರು ಹಿಡಿದು. ಓಡಿ ಹೋದೆ. ಗೂಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದರು, ಮೈಯೆಲ್ಲ ಬೆವರು, ಪಂಚೆ ಸರಿಯಾಗಿ ಸುತ್ತಿಕೊಳ್ಳಲೂ ಆಗಿರಲಿಲ್ಲ. ತುಂಬಿದ ಬಕೆಟ್ಟು ಹಾಗೇ ಇತ್ತು. ತಲೆ ತಗ್ಗಿಸಿಕೊಂಡು ಹೇಳಿದರು. "ನೀರು ಉಯ್ದಿಲ್ಲ. ನೋಡವ್ವ, ಇದು ನಂದೇ."